ಎರಡನೇ ಭಾನುವಾರದ ಅಮ್ಮಂದಿರು

ಹೊನ್ನಾವರ
೧೫ ಜೂನ್ ೨೦೨೫, ಭಾನುವಾರ

ಪ್ರೀತಿಯ ಮಾಲಿನಕ್ಕ,

ನಿನ್ನ ತಂಗಿಯ ನಮಸ್ಕಾರ. ಬಾಡದಲ್ಲಿ ನೀವು ಮೂವರೂ ಆರಾಮ ಇದ್ದೀರೆಂದುಕೊಂಡಿದ್ದೇನೆ. ನಾನೂ ಆರಾಮ ಎಂದು ಬರೆಯುವುದು ರೂಢಿ, ಬರೆಯುತ್ತೇನೆ. ಮಂಡಿ ಮಾತ್ರ ಒಪ್ಪುವುದಿಲ್ಲ. ಬುಧವಾರ ಕೃಷ್ಣಾನಂದ ಭಾವ ಬಂದು ನಾಗಶ್ರೀಯ ಅರ್ಜಿಯ ಲಕೋಟೆ ಕೊಟ್ಟು, "ಸಹಿ ಮಾಡಿ ಫೋನ್ ಮಾಡು ಹೇಳಿದ್ದಾಳೆ ನಿಮ್ಮಕ್ಕ" ಎಂದು ಚಾ ಕುಡಿದು ಹೋದರು. ನಾಲ್ಕು ದಿನವಾಯಿತು. ನಾನು ಫೋನ್ ಮಾಡಲಿಲ್ಲ, ನೀನು ಎರಡು ಸಲ ಮಾಡಿದರೂ ಎತ್ತಲಿಲ್ಲ. ಲಕೋಟೆಯನ್ನು ಒಡೆದೂ ಇಲ್ಲ, ಒಡೆದರೆ ಏನಾದರೊಂದು ನಿರ್ಧಾರ ಮಾಡಬೇಕಲ್ಲ ಎಂಬ ಹೆದರಿಕೆ. ತಪ್ಪಾಯಿತು ಅಕ್ಕ, ಸಿಟ್ಟು ಮಾಡಬೇಡ.

ಈ ಮಾತು ನನಗೆ ಫೋನಿನಲ್ಲಿ ಆಗುವುದಿಲ್ಲ. ನೀನು ಸ್ಪೀಕರ್ ಹಾಕಿಕೊಂಡು ಮೀನು ಕೊಯ್ಯುತ್ತ ಮಾತಾಡುವವಳು, ನಾಗಶ್ರೀ ಪಕ್ಕದಲ್ಲೇ ಕೂತಿರುತ್ತಾಳೆ. ಇಲ್ಲಿ ನನ್ನ ಸುತ್ತ ನೂರ ನಲವತ್ತು ಹುಡುಗಿಯರು, ಒಬ್ಬೊಬ್ಬಳಿಗೆ ಎರಡೆರಡು ಕಿವಿ. ಅದಕ್ಕೇ ಇವತ್ತು ಅವರ ಬಟ್ಟೆ ಒಗೆತ ನಡೆದಿರುವಾಗ ವರಾಂಡದಲ್ಲಿ ಕೂತು, ಹಳೆಯ ಹಾಜರಿ ಪುಸ್ತಕದ ಹಾಳೆ ಹರಿದುಕೊಂಡು ಬರೆಯುತ್ತಿದ್ದೇನೆ. ನಡುನಡುವೆ ಎದ್ದು ಹೋಗಬೇಕಾಗುತ್ತದೆ. ಎಲ್ಲಾದರೂ ಮಾತು ತಪ್ಪಿದರೆ ನೀನೇ ಹೊಂದಿಸಿಕೊಂಡು ಓದು.

ನೀನು ಹೇಳಿ ಕಳಿಸಿದ್ದು ಒಂದೇ ಮಾತು. ನಾಗಶ್ರೀಗೆ ನಮ್ಮ ವಸತಿ ಶಾಲೆಯಲ್ಲಿ ಆರನೇ ತರಗತಿಗೆ ಸೀಟು ಸಿಕ್ಕಿದೆ, ಇಪ್ಪತ್ತನೇ ತಾರೀಖಿನೊಳಗೆ ಸೇರಿಸಬೇಕು, ಕಳಿಸಲೋ ಬೇಡವೋ ಹೆತ್ತವಳೇ ಹೇಳಲಿ ಎಂದು. ಹೇಳಬೇಕಾದವಳು ನಾನೇ, ಸರಿ. ಏಳು ವರ್ಷದ ಹಿಂದೆ ವಿನೋದ ಹೈವೇ ಅಪಘಾತದಲ್ಲಿ ನನ್ನನ್ನೂ ನಾಗಶ್ರೀಯನ್ನೂ ಬಿಟ್ಟು ಹೋಗಿಬಿಟ್ಟ ಮೇಲೆ ಈ ವಾರ್ಡನ್ ಕೆಲಸ ಸಿಕ್ಕಿತು. ವಾರ್ಡನ್ ಹಾಸ್ಟೆಲಿನಲ್ಲೇ ಇರಬೇಕು, ತನ್ನ ಮಕ್ಕಳನ್ನು ಇಟ್ಟುಕೊಳ್ಳುವ ಹಾಗಿಲ್ಲ. ನಾಲ್ಕು ವರ್ಷದ ಕೂಸನ್ನು ನಿನ್ನ ಸೊಂಟದ ಮೇಲೆ ಬಿಟ್ಟು, "ಆರನೇ ಕ್ಲಾಸಿಗೆ ಬರ್ಲಿ ಅಕ್ಕ, ನಮ್ಮ ಶಾಲೆಗೇ ಹಾಕ್ಕೊಂಡು ನಾನೇ ಇಟ್ಕಳ್ತೆ" ಎಂದು ಬಸ್ಸು ಹತ್ತಿದವಳು ನಾನು. ಆ ಒಂದು ಮಾತನ್ನು ಹಿಡಿದುಕೊಂಡೇ ಏಳು ವರ್ಷ ತಳ್ಳಿದೆ. ಈಗ ಆರನೇ ಕ್ಲಾಸು ಬಂದಿದೆ, ನನಗೆ ಬಾಯೇ ಬರುತ್ತಿಲ್ಲ.

ಭಾವ ಹೋಗುವಾಗ ಗೇಟಿನ ಹತ್ತಿರ ನಿಂತು ಕೇಳಿದರು, "ಅಲ್ಲಾ ವೀಣಾ, ಕ್ಲಾಸು ಬಿಟ್ಟ ಮೇಲೆ ಈ ಮಕ್ಕಳು ಎಂತ ಮಾಡ್ತಾರೆ ಇಲ್ಲಿ? ನಾಗಿಗೆ ಹೊತ್ತು ಹೋಗ್ತದಾ?" ನಾನು ನಕ್ಕು "ಹೊತ್ತು ಸಾಕಾಗೂದಿಲ್ಲ ಭಾವ" ಎಂದೆ. ಅವರು ಸಮಾಧಾನದಿಂದ ಹೋದರು. ಅವರಿಗೆ ಹೇಳದೆ ಉಳಿದದ್ದನ್ನು ನಿನಗೆ ಹೇಳುತ್ತೇನೆ.

ಪಾಠದ ಹೊತ್ತು ಶಿಕ್ಷಕರದ್ದು, ಉಳಿದದ್ದೆಲ್ಲ ನನ್ನದು. ಊರಿನಲ್ಲಿ ಜನ ನನ್ನನ್ನು ಟೀಚರಾ ಎಂದು ಕೇಳುತ್ತಾರಲ್ಲ, ಅಲ್ಲ, ಟೀಚರುಗಳು ಮನೆಗೆ ಹೋದ ಮೇಲೆ ಉಳಿಯುವವಳು ನಾನು. ಆದರೂ ಮಕ್ಕಳಿಗೂ ಅವರ ಮನೆಯವರಿಗೂ ನಾನು ಅಕ್ಕೋರೇ. ಬೆಳಿಗ್ಗೆ ಐದೂವರೆಗೆ ಗಂಟೆ ಹೊಡೆಯುತ್ತದೆ. ನಲ್ಲಿ ಹನ್ನೊಂದು, ಹುಡುಗಿಯರು ನೂರ ನಲವತ್ತು. ಸಾಲಿನಲ್ಲಿ ಹುಡುಗಿಯರು ನಿಲ್ಲುವುದಿಲ್ಲ, ಅವರ ಬಕೆಟ್ಟುಗಳು ನಿಲ್ಲುತ್ತವೆ. ಹಿಂದಿನ ದಿನ ಸಂಜೆಯೇ ಇಟ್ಟುಬಿಡುತ್ತಾರೆ. ಯಾರ ಬಕೆಟ್ಟನ್ನು ಯಾರು ಹಿಂದಕ್ಕೆ ಸರಿಸಿದರು ಎನ್ನುವುದು ದಿನದ ಮೊದಲ ತಕರಾರು. ಹಲ್ಲು ಕೂಡ ಉಜ್ಜದೆ ನಾನು ತೀರ್ಪು ಕೊಡಬೇಕು, ಕೊಟ್ಟ ತೀರ್ಪು ಇಬ್ಬರಿಗೂ ಹಿಡಿಸಬಾರದು, ಹಾಗೆ ನಡೆದುಕೊಂಡು ಬಂದಿದೆ.

ಸಂಜೆ ನಾಲ್ಕೂ ಕಾಲಿಗೆ ಬಿಟ್ಟ ಮೇಲೆ ಒಂದು ಮುಷ್ಟಿ ಉಸಲಿ, ಆಮೇಲೆ ಆರು ಗಂಟೆಯವರೆಗೆ ಬಿಡುವು. ದೊಡ್ಡವರು ಖೋಖೋ ಆಡುತ್ತಾರೆ. ಕೆಲವರು ಕಾಂಪೌಂಡಿನ ಬದಿಯ ಅಬ್ಬಲಿ ಹೂ ಕೊಯ್ದು ದಂಡೆ ಕಟ್ಟುತ್ತಾರೆ, ಸಂಜೆಯಾದ ಮೇಲೆ ಆ ದಂಡೆ ಮುಡಿಯುವುದು ಯಾರಿಗೆ ತೋರಿಸಲಿಕ್ಕೋ ದೇವರೇ ಬಲ್ಲ. ಟ್ರಂಕು ಬಿಚ್ಚಿ ಎಲ್ಲವನ್ನೂ ಹೊರಗೆ ಹಾಕಿ, ಮತ್ತೆ ಹಾಗೇ ಜೋಡಿಸಿಟ್ಟು, ಬೀಗ ಹಾಕಿ ಕೀಲಿಯನ್ನು ಕುತ್ತಿಗೆಗೆ ಹಾಕಿಕೊಳ್ಳುವುದೇ ಕೆಲವರ ಆಟ. ಟ್ರಂಕಿನ ಮುಚ್ಚಳದ ಒಳಬದಿಗೆ ಚಾಕ್‌ಪೀಸಿನಲ್ಲಿ ಗೀಟು ಎಳೆದಿರುತ್ತಾರೆ, ದಸರೆ ರಜೆಗೆ ಎಷ್ಟು ದಿನ ಎಂದು. ಜೂನಿನಲ್ಲೇ ಶುರು ಮಾಡಿದ್ದಾರೆ ನೋಡು.

ಆ ಬಿಡುವನ್ನೂ ಬಿಡುವಾಗಿ ಕಳೆಯುವ ಹಾಗಿಲ್ಲ. ಮಕ್ಕಳು ಸಂಜೆ ಏನು ಮಾಡಿದರು ಎಂಬ ಫೋಟೋ ದಿನಾ ಇಲಾಖೆಯ ವಾಟ್ಸಾಪ್ ಗ್ರೂಪಿಗೆ ಹಾಕಬೇಕು, ಊರು, ತಾರೀಖು, ಹೊತ್ತು ಎಲ್ಲ ಅದರ ಮೇಲೆಯೇ ಮೂಡಿರಬೇಕು. ಆಡುವವರನ್ನು ಅರ್ಧಕ್ಕೆ ನಿಲ್ಲಿಸಿ, "ಆಡಿದ ಹಾಗೆ ಕೂತ್ಕಳ್ಳಿ, ನಗ್ಯಾಡಿ" ಎಂದು ನಾನು ಕೂಗುವುದು. ಅವರು ನಗುತ್ತಾರೆ ಪಾಪ, ಅಭ್ಯಾಸವಾಗಿದೆ. ಅಷ್ಟರಲ್ಲಿ ಔಟಾದವಳು ಔಟಾಗಲಿಲ್ಲ ಎನ್ನುತ್ತಾಳೆ, ಆಟ ಮುರಿದು ಬೀಳುತ್ತದೆ. ಫೋಟೋ ಮಾತ್ರ ಚೆನ್ನಾಗಿ ಬರುತ್ತದೆ.

ಆರನೇ ತರಗತಿಯ ಹೊಸ ಮಕ್ಕಳಿಗೆ ಮೊದಲ ಹದಿನೈದು ದಿನ ಇದ್ಯಾವುದೂ ಇಲ್ಲ. ಸಂಜೆಯ ರೈಲಿನ ಸದ್ದು ಕೇಳಿದರೆ ಒಬ್ಬಳು ಬಿಕ್ಕುತ್ತಾಳೆ, ಅವಳನ್ನು ನೋಡಿ ಇನ್ನೊಬ್ಬಳು, ಆಮೇಲೆ ಹಾಲ್‌ನಲ್ಲಿದ್ದವರೆಲ್ಲ. ಮನೆಯಿಂದ ತಂದ ಹೊದಿಕೆಯನ್ನು ಒಗೆಯಲು ಬಿಡುವುದಿಲ್ಲ. ಕಳೆದ ವರ್ಷ ಒಬ್ಬಳ ಹೊದಿಕೆಯನ್ನು, ಕೊಳೆಯಾಗಿದೆ ಎಂದು ನಾನೇ ನೆನೆಸಿ ಒಗೆದು ಹಾಕಿದೆ. ಅವಳು ನನ್ನ ಹತ್ತಿರ ಒಂದು ತಿಂಗಳು ಮಾತಾಡಲಿಲ್ಲ. ಅವಳಮ್ಮನ ವಾಸನೆಯನ್ನೇ ತೊಳೆದುಹಾಕಿದ್ದೆ ಎನ್ನುವುದು ನನಗೆ ತಡವಾಗಿ ಹೊಳೆಯಿತು.

ಎದ್ದು ಹೋಗಿ ಬಂದೆ. ಒಬ್ಬಳ ಯೂನಿಫಾರ್ಮು ಇನ್ನೊಬ್ಬಳ ಬಕೆಟ್ಟಿನಲ್ಲಿ ಸಿಕ್ಕಿತಂತೆ. ಈ ಮಳೆಯಲ್ಲಿ ಬಟ್ಟೆ ಒಣಗುವುದೂ ಒಂದು ಪಾಡು, ಅಡುಗೆಮನೆಯ ಒಲೆಯ ಮೇಲೆಲ್ಲ ಹಗ್ಗ ಕಟ್ಟಿದ್ದೇವೆ. ಇವತ್ತು ಉಪ್ಪಿಟ್ಟಿಗೂ ಸೋಪಿನ ಘಮ.

ಭಾನುವಾರ ಹತ್ತು ಗಂಟೆಗೆ ಹೇನಿನ ರೈಲು ಹೊರಡುತ್ತದೆ. ಹಾಗಂತ ಹುಡುಗಿಯರೇ ಹೆಸರಿಟ್ಟಿದ್ದು. ಮೆಟ್ಟಿಲ ಮೇಲೆ ಸಾಲಾಗಿ ಕೂರುತ್ತಾರೆ, ಕೆಳಗಿನ ಮೆಟ್ಟಿಲಿನವಳ ತಲೆ ಮೇಲಿನ ಮೆಟ್ಟಿಲಿನವಳ ಕೈಯಲ್ಲಿ. ಎಲ್ಲಕ್ಕಿಂತ ಮೇಲೆ ಕೂತವಳ ತಲೆ ನೋಡುವವರು ಯಾರೂ ಇರುವುದಿಲ್ಲವಾದ್ದರಿಂದ ಅದು ನನ್ನ ಪಾಲು. ಈ ಏಳು ವರ್ಷದಲ್ಲಿ ಎಷ್ಟು ತಲೆ ಬಾಚಿದೆನೋ ಲೆಕ್ಕ ಇಟ್ಟಿಲ್ಲ. ಕಳೆದ ಚೌತಿಗೆ ಬಾಡಕ್ಕೆ ಬಂದಾಗ ನಾಗಶ್ರೀಯ ಜಡೆ ಹಾಕಲು ಬಾಚಣಿಗೆ ತಕ್ಕೊಂಡೆ. "ದೊಡ್ಡಮ್ಮ ಹಾಕ್ತಾಳೆ, ಬಿಡು" ಎಂದಳು. ನೀನು ಒಳಗೆ ಮೋದಕ ಕರಿಯುತ್ತಿದ್ದೆ, ಕೇಳಿಸಿರಲಿಕ್ಕಿಲ್ಲ. ನನಗೆ ಅಳು ಬಂತು ಅಕ್ಕ. ಬಾವಿಕಟ್ಟೆಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಈಗ ಕಳೆದ ಭಾನುವಾರದ ಸಂಗತಿ ಹೇಳಬೇಕು. ನಿನ್ನ ಫೋನು ಎತ್ತದೆ ಇದ್ದದ್ದಕ್ಕೆ ಅದೇ ಕಾರಣ.

ತಿಂಗಳ ಎರಡನೇ ಭಾನುವಾರ ಇಲ್ಲಿ ಪಾಲಕರ ಭೇಟಿ, ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ. ಅಮ್ಮಂದಿರು ಬುತ್ತಿ ಕಟ್ಟಿಕೊಂಡು ಬರುತ್ತಾರೆ, ಊಟದ ಹಾಲಿನಲ್ಲಿ ಚಾಪೆ ಹಾಸಿಕೊಂಡು ಮಕ್ಕಳಿಗೆ ಉಣ್ಣಿಸುತ್ತಾರೆ. ನಾನು ಬಂದ ಮೊದಲ ವರ್ಷ, ಯಾರೂ ಬಾರದ ಹುಡುಗಿಯೊಬ್ಬಳು ಆ ದಿನವಿಡೀ ಉಗ್ರಾಣದಲ್ಲಿ ಅಕ್ಕಿ ಚೀಲದ ಹಿಂದೆ ಅಡಗಿ ಕೂತಿದ್ದಳು. ಹುಡುಕಿ ಹುಡುಕಿ ನನ್ನ ಜೀವ ಹೋಗಿತ್ತು. ಮರು ತಿಂಗಳಿನಿಂದ ನಾನು ಒಂದು ಪದ್ಧತಿ ಮಾಡಿದೆ. ಯಾರ ಮನೆಯವರು ಬರುವುದಿಲ್ಲವೋ ಅವಳನ್ನು ಬಂದಿರುವ ಒಂದು ಮನೆಯವರ ಜೊತೆ ಕೂರಿಸುವುದು. ಉಂಡು, ತಲೆ ಬಾಚಿಸಿಕೊಂಡು, ಬೈಸಿಕೊಂಡು ಬರಲಿ ಎಂದು. ಪ್ರತಿ ತಿಂಗಳು ಅದೇ ಮನೆಯವರು. ಹುಡುಗಿಯರು ಅವರಿಗೆ 'ಭಾನುವಾರದಮ್ಮ' ಎಂದು ಹೆಸರಿಟ್ಟರು. ಇಷ್ಟು ವರ್ಷದಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ ಇದೊಂದೇ ಎಂದು ನನಗೆ ಒಳಗೊಳಗೇ ಹೆಮ್ಮೆ ಇತ್ತು.

ಎಂಟನೇ ತರಗತಿಯಲ್ಲಿ ಬಂಗಾರಿ ಎಂಬ ಹುಡುಗಿ ಇದ್ದಾಳೆ, ಯಾಣದ ಕಡೆಯವಳು. ಅಪ್ಪನಿಲ್ಲ. ಅವಳಮ್ಮ ಗಂಗಿ ಕಾರವಾರದ ಒಂದು ಮನೆಯಲ್ಲಿ, ಹಾಸಿಗೆ ಹಿಡಿದ ಅಜ್ಜಿಯನ್ನು ನೋಡಿಕೊಳ್ಳುವ ಕೆಲಸಕ್ಕಿದ್ದಳು. ಆ ಮನೆಯವರು ಭಾನುವಾರ ಬಿಡುವುದಿಲ್ಲ. ರಜೆಯಲ್ಲಿ ಬಂಗಾರಿ ಯಾಣದಲ್ಲಿ ಅಜ್ಜನ ಹತ್ತಿರ ಇರುತ್ತಿದ್ದಳು, ಗಂಗಿ ಬಂದರೆ ಎರಡು ದಿನ ಬಂದಾಳು. ಶಾಲೆಗೆ ಬಿಟ್ಟು ಹೋದವಳು ಎರಡು ವರ್ಷದಲ್ಲಿ ಒಂದು ಭೇಟಿಗೂ ಬಂದಿರಲಿಲ್ಲ. ಹಾಗಾಗಿ ಬಂಗಾರಿಯನ್ನು ಅವಳ ಗೆಳತಿ ಮಂಜುಳೆಯ ಅಮ್ಮನ ಜೊತೆ ಕೂರಿಸಿದ್ದೆ. ಮುಟ್ಟಳ್ಳಿಯ ಲಕ್ಕಿ ಅಂತ, ಗದ್ದೆ ಕೆಲಸದವಳು, ದೊಡ್ಡ ಗಂಟಲು, ದೊಡ್ಡ ಬುತ್ತಿ. ಒಂದು ತಿಂಗಳೂ ತಪ್ಪಿಸಿದವಳಲ್ಲ. ಇಬ್ಬರಿಗೂ ಒಂದೇ ಕೈಯಲ್ಲಿ ಕಲಸಿ ಉಣ್ಣಿಸುತ್ತಾಳೆ, ಇಬ್ಬರಿಗೂ ಸಮಾ ಬೈಯುತ್ತಾಳೆ.

ಕಳೆದ ಭಾನುವಾರ ಹನ್ನೊಂದರ ಹೊತ್ತಿಗೆ ಒಬ್ಬ ಹೆಂಗಸು ಪೂರ್ತಿ ನೆನೆದುಕೊಂಡು ಬಂದು ಆಫೀಸಿನ ಬಾಗಿಲಲ್ಲಿ ನಿಂತಳು. "ಅಕ್ಕೋರೆ, ನಾ ಬಂಗಾರಿ ಅಮ್ಮ" ಎಂದಳು. ನನಗೆ ಗುರುತೇ ಹತ್ತಲಿಲ್ಲ, ಅಷ್ಟು ಇಳಿದುಹೋಗಿದ್ದಳು. ಆ ಅಜ್ಜಿಯನ್ನು ಮಗ ಬಂದು ಮುಂಬೈಗೆ ಕರೆದುಕೊಂಡು ಹೋದನಂತೆ. ಕೆಲಸ ಮುಗಿಯಿತು, ಯಾಣಕ್ಕೆ ಬಂದು, ಹಲಸಿನ ಹಣ್ಣಿನ ಕಡಬು ಮಾಡಿ, ಎರಡು ಬಸ್ಸು ಬದಲಿಸಿ ಬಂದಿದ್ದಾಳೆ. ಕಡಬಿನ ಚೀಲವನ್ನು ಮಾತ್ರ ನೆನೆಯಲು ಬಿಟ್ಟಿರಲಿಲ್ಲ. ನನಗೆ ಎಷ್ಟು ಖುಷಿಯಾಯಿತೆಂದರೆ, ಮಂಡಿಯನ್ನೂ ಮರೆತು ನಾನೇ ಊಟದ ಹಾಲಿಗೆ ಓಡಿದೆ.

ಲಕ್ಕಿ ಕಾಲು ಚಾಚಿಕೊಂಡು ಕೂತಿದ್ದಳು, ಅವಳ ಮುಂದೆ ಬಂಗಾರಿ. ಒಂದು ಜಡೆ ಆಗಿತ್ತು, ಇನ್ನೊಂದರ ಕೂದಲು ಲಕ್ಕಿಯ ಕೈಯಲ್ಲಿತ್ತು. "ಬಂಗಾರೀ, ಯಾರು ಬಂದಾರೆ ನೋಡು! ನಿನ್ನ ಅಮ್ಮ!" ಎಂದೆ.

ಅವಳು ತಿರುಗಿ ನೋಡಿದಳು. ನಕ್ಕಳು, ಸುಳ್ಳು ಹೇಳಬಾರದು, ನಕ್ಕಳು. "ಅಮ್ಮ ಬಂತಾ? ಇದೊಂದು ಜಡೆ ಹಾಕಸ್ಕಂಡು ಬತ್ತೆ ಅಕ್ಕೋರೆ" ಎಂದು ತಲೆಯನ್ನು ಮತ್ತೆ ಲಕ್ಕಿಯ ಕಡೆಗೇ ಕೊಟ್ಟಳು.

ಗಂಗಿ ನನ್ನ ಬೆನ್ನ ಹಿಂದೆಯೇ ಬಂದು ನಿಂತಿದ್ದಳು ಅಕ್ಕ. ಎಲ್ಲ ಕೇಳಿತು. "ಅಡ್ಡಿಲ್ಲ, ಹಾಕ್ಕಳ್ಲಿ" ಎಂದು ಬಾಗಿಲ ಪಕ್ಕದ ಬೆಂಚಿನ ಮೇಲೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಲಕ್ಕಿಗೆ ಏನು ಮಾಡುವುದೆಂದೇ ತಿಳಿಯಲಿಲ್ಲ. "ಏ, ಹೋಗೇ ಮಾರಾಯ್ತಿ, ಹೆತ್ತಬ್ಬೆ ಬಂದು ಕೂತದೆ, ಜಡೆ ಎಂತಕ್ಕೆ ನಿಂಗೆ" ಎಂದು ದೂಡಿದಳು. ಬಂಗಾರಿ ಏಳಲಿಲ್ಲ. "ಅರ್ಧ ಬಿಟ್ರೆ ಬಿಚ್ಚಿ ಹೋತದೆ, ಹಾಕು" ಎಂದಳು. ಲಕ್ಕಿ ಹೇಗೋ ಎರಡು ತಿರುವು ಹಾಕಿ ರಿಬ್ಬನ್ನು ಕಟ್ಟಿದಳು. ಹತ್ತು ನಿಮಿಷವೂ ಆಗಿರಲಿಕ್ಕಿಲ್ಲ. ಗಂಗಿಯ ಪಕ್ಕ ನಿಂತಿದ್ದ ನನಗೆ ಅದೇ ಒಂದು ಮಧ್ಯಾಹ್ನದಷ್ಟು ಆಯಿತು.

ಆಮೇಲೆ ಬಂಗಾರಿ ಬಂದು ಅಮ್ಮನ ಪಕ್ಕ ಕೂತಳು. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು. ಎರಡು ಕಡಬು ತಿಂದು "ಚೊಲೋ ಆಗದೆ" ಎಂದಳು, ನೆಂಟರ ಮನೆಯಲ್ಲಿ ಹೇಳುವ ಹಾಗೆ. ಮೂರನೆಯದನ್ನು ಗಂಗಿ ಬಾಯಿಗೆ ಹಿಡಿದರೆ "ಸಾಕು, ಹೊಟ್ಟೆ ತುಂಬ್ತು" ಎಂದಳು. ಆಗಲೇ ಲಕ್ಕಿಯ ಬುತ್ತಿ ಉಂಡಾಗಿತ್ತಲ್ಲ.

ನಾಲ್ಕು ಗಂಟೆಗೆ ಹೊರಡುವಾಗ ಗಂಗಿ ನನ್ನನ್ನು ಬದಿಗೆ ಕರೆದಳು. "ಅಕ್ಕೋರೆ, ಕೂಸಿಗೆ ನನ್ನ ಮೇಲೆ ಸಿಟ್ಟಾ?" ಎಂದು ಕೇಳಿದಳು.

"ಇಲ್ಲ ಗಂಗಿ, ಸಿಟ್ಟೇನೂ ಇಲ್ಲ" ಎಂದೆ.

"ನಂಗೂ ಹಾಗೇ ಕಂಡ್ತು. ಸಿಟ್ಟಿದ್ರೆ ಅಡ್ಡಿ ಇರಲಿಲ್ಲ. ಸಿಟ್ಟಾದ್ರೆ ಇಳೀತದೆ" ಎಂದಳು. ಆಮೇಲೆ, "ಅವರ ಜೊತಿಗೆ ಕೂರಸಿದ್ದು ಯಾರು?" ಎಂದು ಕೇಳಿದಳು. ನಾನೇ ಎಂದೆ. "ದೇವರು ನಿಮಗೆ ಒಳ್ಳೇದು ಮಾಡ್ಲಿ" ಎಂದಳು. 

ಕುಹಕದಿಂದ ಅಂದಿದ್ದರೆ ತಡೆದುಕೊಳ್ಳುತ್ತಿದ್ದೆ ಅಕ್ಕ, ಮನಸಾರೆ ಅಂದಳು. ಉಳಿದ ಕಡಬಿನ ಚೀಲವನ್ನು ತಂದು ಲಕ್ಕಿಯ ಕೈಗೆ ಕೊಟ್ಟಳು. "ಇಷ್ಟು ದಿನ ನೀನು ಉಣ್ಸಿದ್ದೆ. ಇದು ನಿಂಗೆ" ಎಂದಳು. ಲಕ್ಕಿ ಚೀಲವನ್ನು ಕಂಕುಳಲ್ಲಿ ಇರುಕಿಕೊಂಡು ಕೊಡೆ ಬಿಚ್ಚಿದಳು. ಬಸ್ಸಿನ ತನಕ ಇಬ್ಬರೂ ಒಂದೇ ಕೊಡೆಯಲ್ಲಿ ಹೋದರು.

ಊಟದ ಗಂಟೆ ಹೊಡೆದು, ಬಡಿಸಿ ಬಂದು ಮತ್ತೆ ಕೂತಿದ್ದೇನೆ. ಈಗ ಅವರೆಲ್ಲ ಟಿವಿ ಮುಂದೆ. ಎರಡೂವರೆ ತಾಸು ಯಾರೂ ನನ್ನನ್ನು ಕರೆಯುವುದಿಲ್ಲ, ಕರೆಂಟು ಹೋಗದಿದ್ದರೆ.

ಸೋಮವಾರ ಸಂಜೆ ಬಂಗಾರಿ ಬಕೆಟ್ಟು ಇಡಲು ಬಂದಾಗ ನಿಲ್ಲಿಸಿ ಕೇಳಿದೆ. ಸ್ವಲ್ಪ ಗದರಿಸಿಯೇ ಕೇಳಿದೆ. "ಎರಡು ವರ್ಷಕ್ಕೆ ಅಮ್ಮ ಬಂದ್ರೆ ಎದ್ದು ಬರೂದಿಲ್ಲವೇನೇ?"

ಅವಳು ನನ್ನನ್ನು ನೋಡಿದ ರೀತಿ, ನನಗೇ ಏನೂ ತಿಳಿಯುವುದಿಲ್ಲವೇನೋ ಎನ್ನಿಸುವ ಹಾಗಿತ್ತು. "ಲಕ್ಕಮ್ಮ ಅರ್ಧ ಜಡೆ ಹಾಕಿತ್ತಲ್ಲ ಅಕ್ಕೋರೆ. ಎದ್ದು ಬಂದ್ರೆ ಅದ್ಕೆ ಬೇಜಾರಾಗೂದಿಲ್ವಾ? ಇಷ್ಟು ದಿನ ಹಾಕಿ, ನನ್ನಮ್ಮ ಬಂದ ಕೂಡ್ಲೇ ಬಿಟ್ಟು ಓಡಿದ್ಲು ಅಂತ ಆಗ್ತದೆ. ಅಮ್ಮ ನಂದೇ ಅಲ್ದಾ? ಕಾಯ್ತದೆ" ಎಂದಳು.

ಹದಿಮೂರು ವರ್ಷದ ಹುಡುಗಿ! ಪರರಿಗೆ ಬೇಜಾರಾಗಬಾರದು, ತನ್ನವರು ಕಾಯುತ್ತಾರೆ ಎಂದು ಅವಳ ಲೆಕ್ಕ. ಈ ನಡತೆಯನ್ನು ಅವಳಿಗೆ ಕಲಿಸಿದ್ದು ನನ್ನ ಪದ್ಧತಿಯೇ. ಒಬ್ಬರ ಅನ್ನ ಉಂಡ ಮೇಲೆ ಅವರ ಮನಸ್ಸು ನೋಡಿಕೊಳ್ಳಬೇಕು ಎಂದು ಇಷ್ಟು ಚಿಕ್ಕ ಮಗುವಿಗೆ ಗೊತ್ತಾಗಬೇಕಿತ್ತೇ? ಗಂಗಿಗೆ ಫೋನ್ ಮಾಡಿ ಬಂಗಾರಿ ಹೇಳಿದ್ದನ್ನು ಹಾಗೆಯೇ ಹೇಳಿದೆ. "ಹೌದನ್ರಾ, ಆತು ಹಾಗಾದ್ರೆ, ಕಾಯ್ತೆ" ಎಂದಳು.

ಅವತ್ತಿನಿಂದ ಆ ಹುಡುಗಿಯ ಮಾತನ್ನು ಹಿಡಿದುಕೊಂಡೇ ನಾನು ಓಡಾಡುತ್ತಿದ್ದೇನೆ. ಚೌತಿಯ ದಿನ ನಾಗಶ್ರೀ "ದೊಡ್ಡಮ್ಮ ಹಾಕ್ತಾಳೆ, ಬಿಡು" ಎಂದಳಲ್ಲ, ಅದೂ ಹೀಗೆಯೇ ಇರಬಹುದಲ್ಲ ಅಕ್ಕ? ನಿನಗೆ ಬೇಜಾರಾಗದಿರಲಿ, ನಾನು ಹೇಗೂ ಕಾಯುತ್ತೇನೆ ಎಂದು. ಇರಬಹುದು ಎಂದು ಒಂದು ದಿನ ಅನ್ನಿಸುತ್ತದೆ, ನನ್ನ ಸಮಾಧಾನಕ್ಕೆ ನಾನೇ ಕಟ್ಟಿಕೊಂಡದ್ದು ಎಂದು ಮರುದಿನ ಅನ್ನಿಸುತ್ತದೆ.

ಪ್ರಿನ್ಸಿಪಾಲರನ್ನು ಕೇಳಿದೆ. "ಸೀಟು ಪರೀಕ್ಷೆ ಬರೆದು ಸಿಕ್ಕಿದ್ದು, ತಕರಾರಿಲ್ಲ. ಆದ್ರೆ ಎಲ್ಲಾ ಮಕ್ಕಳ ಹಾಗೇ ಹಾಲ್‌ನಲ್ಲೇ ಮಲಗ್ಬೇಕು, ನಿಮ್ಮ ಕೋಣೆಯಲ್ಲಲ್ಲ. ವಾರ್ಡನ್ ಮಗಳು ಅಂತ ಬೇರೆ ಮಾಡಿದ್ರೆ ಉಳಿದವರು ಸುಮ್ನಿರೂದಿಲ್ಲ" ಎಂದರು. ನ್ಯಾಯವೇ. ಅಂದರೆ ಅವಳು ಬಂದರೂ ನನ್ನನ್ನು ಅಕ್ಕೋರೆ ಎಂದೇ ಕರೆಯಬೇಕು. ರೈಲಿನ ಸದ್ದಿಗೆ ಬಿಕ್ಕಿದರೆ ನಾನು ಅವಳೊಬ್ಬಳನ್ನೇ ಎತ್ತಿಕೊಳ್ಳುವ ಹಾಗಿಲ್ಲ. ಅವಳು ಬಿಕ್ಕುವುದು ನಿನಗಾಗಿ ಎಂದೂ ನನಗೆ ಗೊತ್ತು.

ಮತ್ತೆ ನೀನು. ನಿನಗೆ ಅವಳಲ್ಲದೆ ಇನ್ನೊಂದು ಕೂಸಿಲ್ಲ. ಅವಳನ್ನು ಇಲ್ಲಿಗೆ ಕಳಿಸಿದರೆ ತಿಂಗಳಿಗೊಂದು ಸಲ ಬುತ್ತಿ ಕಟ್ಟಿಕೊಂಡು ಬಾಡದಿಂದ ಕುಮಟೆಗೆ ಹೋಗಿ ಬಸ್ಸು ಹತ್ತಿ ಬರುವವಳು ನೀನಾಗುತ್ತಿ. ನಮ್ಮಿಬ್ಬರಲ್ಲಿ ಒಬ್ಬರು ಚೀಲ ಹಿಡಿದು ಆ ಬೆಂಚಿನ ಮೇಲೆ ಕೂರಲೇಬೇಕು. ಏಳು ವರ್ಷ ನಾನು ಕೂತೆ. ಇದನ್ನು ನಿನಗೆ ಯಾವತ್ತೂ ಹೇಳಲಿಲ್ಲ. ನೀನು ಅವಳಿಗೆ ಜ್ವರ ಬಂದಾಗ ಎದ್ದದ್ದು, ಅಕ್ಷರ ತಿದ್ದಿಸಿದ್ದು ಎಲ್ಲವನ್ನೂ ಫೋನಿನಲ್ಲಿ ಹೇಳುವಾಗ, ನಿನ್ನ ಋಣ ತೀರಿಸಲಾರೆ ಎಂದು ಬಾಯಲ್ಲಿ ಅನ್ನುತ್ತ, ಹೊಟ್ಟೆಯಲ್ಲಿ ಕಿಚ್ಚು ಇಟ್ಟುಕೊಂಡೇ ಇದ್ದೆ. ಬರೆದೇಬಿಟ್ಟೆ. ನೀನು ನನ್ನನ್ನು ಏನೆಂದುಕೊಂಡರೂ ಸರಿ.

ಸರಿಯಾಗಿ ಯೋಚಿಸಿದರೆ ನಿನ್ನಲ್ಲೇ ಬಿಡಬೇಕು. ಬಾಡದ ಶಾಲೆಗೇನು ಕೊರತೆ? ಸಂಜೆ ಬಿಟ್ಟರೆ ನಿನ್ನ ಮನೆ, ನಿನ್ನ ಹಿತ್ತಲು, ಜಡೆ ಹಾಕುವ ಕೈ. ಆದರೆ ಸರಿಯಾಗಿ ಯೋಚಿಸಿ ಯೋಚಿಸಿ ನನಗೆ ದಣಿವಾಗಿದೆ ಅಕ್ಕ. ದಿನವಿಡೀ ಬಕೆಟ್ಟಿನ ನ್ಯಾಯ, ಹೊದಿಕೆಯ ನ್ಯಾಯ, ಊರವರ ಮಕ್ಕಳಿಗೆಲ್ಲ ಸಮಾ ಹಂಚಿ ಹಂಚಿ, ನನಗೆ ಅಂತ ಒಂದನ್ನು ಕೇಳಲಿಕ್ಕೇ ಮರೆತುಹೋಗಿದೆ. ಇವತ್ತು ಕೇಳುತ್ತೇನೆ.

ಕಳಿಸು. ನನಗೆ ಅವಳು ಬೇಕು. ಅಕ್ಕೋರೆ ಎಂದಾದರೂ ಕರೆಯಲಿ, ದಿನಾ ಕರೆಯುತ್ತಾಳಲ್ಲ. ಮೆಟ್ಟಿಲ ಮೇಲೆ ಅವಳು ಎಲ್ಲರಿಗಿಂತ ಮೇಲೆ ಕೂತ ದಿನ ಅವಳ ತಲೆ ನನ್ನ ಪಾಲಿಗೆ ಬರುತ್ತದೆ, ಅಷ್ಟಾದರೂ ಸಾಕು.

ಹದಿನೆಂಟನೇ ತಾರೀಖು, ಬುಧವಾರ, ಬೆಳಗಿನ ಬಸ್ಸಿಗೆ ಕರೆದುಕೊಂಡು ಬಾ. ಸಣ್ಣ ಟ್ರಂಕು ಸಾಕು, ಬೀಗಕ್ಕೆ ಎರಡು ಕೀಲಿ ಇರಲಿ. ಬಕೆಟ್ಟಿನ ಮೇಲೆ ಪೇಂಟಿನಲ್ಲಿ ಹೆಸರು ಬರೆಸು. ಹೊದೆಯಲು ಹೊಸದೇನೂ ಕೊಳ್ಳಬೇಡ. ನೀನು ಉಟ್ಟ ಒಂದು ಹಳೆಯ ಸೀರೆ ಕೊಡು, ಒಗೆಯದೆ ಕೊಡು. ನಾನು ಅದನ್ನು ಒಗೆಯುವುದಿಲ್ಲ, ಮಾತು ಕೊಡುತ್ತೇನೆ.

ಭಾವನಿಗೆ ನಮಸ್ಕಾರ. ನಾಗಶ್ರೀಗೆ ಅವಳ ಅಮ್ಮನ ಆಶೀರ್ವಾದ, ಚೆನ್ನಾಗಿ ಉಣ್ಣಲಿ, ಚೆನ್ನಾಗಿ ನಿದ್ದೆ ಮಾಡಲಿ. ನಿನಗೆ ನಾನು ಚಿಕ್ಕವಳು, ಹರಸುವ ಹಾಗಿಲ್ಲ. ಆದರೂ ನಿನ್ನ ಹೊಟ್ಟೆ ತಂಪಾಗಿರಲಿ ಅಕ್ಕ.

ನಿನ್ನ ತಂಗಿ,
ವೀಣಾ

ತಾ.ಕ.: ಹೇಗೂ ಸಹಿ ಮಾಡಬೇಕಲ್ಲ ಎಂದು, ಪತ್ರ ಮಡಚುವ ಮುಂಚೆ ಲಕೋಟೆ ಒಡೆದೆ. ಅರ್ಜಿಯನ್ನು ನಾಗಶ್ರೀಯೇ ತುಂಬಿದ್ದಾಳೆ, ಅಕ್ಷರ ಎಷ್ಟು ದುಂಡಗಾಗಿದೆ! ಕೊನೆಯ ಹಾಳೆಯಲ್ಲಿ ಭೇಟಿಗೆ ಬರುವವರ ಗುರುತಿನ ಕಾರ್ಡು ಇರುತ್ತದೆ, ತಂದೆಗೊಂದು ಚೌಕ, ತಾಯಿಗೊಂದು ಚೌಕ. ತಂದೆಯ ಚೌಕದಲ್ಲಿ ವಿನೋದನ ಹಳೆಯ ಫೋಟೋ ಅಂಟಿಸಿ, ಕೆಳಗೆ 'ದಿವಂಗತ' ಎಂದು ಬರೆದಿದ್ದಾಳೆ. ತಾಯಿಯ ಚೌಕದಲ್ಲಿ ನಿನ್ನ ಫೋಟೋ ಇದೆ. ಲಕೋಟೆಯನ್ನೂ ಅವಳೇ ಅಂಟಿಸಿರಬೇಕು, ನೀನು ನೋಡಿದ್ದರೆ ಹೀಗೆ ಕಳಿಸುತ್ತಿರಲಿಲ್ಲ. ಅವಳನ್ನು ಏನೂ ಕೇಳಬೇಡ, ಬೈಯಬೇಡ. ಫೋಟೋದ ಒಂದು ಮೂಲೆ ಎಬ್ಬಿಸಿ ನೋಡಿದೆ, ನಿನ್ನ ಕಿವಿಯ ಹತ್ತಿರ ಹರಿಯತೊಡಗಿತು, ಬಿಟ್ಟೆ. ಈ ಕಾರ್ಡು ಇಲ್ಲದಿದ್ದರೆ ಎರಡನೇ ಭಾನುವಾರ ನಿನ್ನನ್ನು ಒಳಗೆ ಬಿಡುವುದೂ ಇಲ್ಲ. ಕೆಳಗೆ 'ಮೇಲಿನ ಭಾವಚಿತ್ರವು ವಿದ್ಯಾರ್ಥಿನಿಯ ತಾಯಿಯದೆಂದು ದೃಢೀಕರಿಸಿದೆ' ಎಂದು ಅಚ್ಚಾಗಿದೆ, ಅಲ್ಲಿ ವಾರ್ಡನ್ ಸಹಿ ಬೇಕು. ಮಾಡಿದೆ ಅಕ್ಕ, ಸೀಲನ್ನೂ ಒತ್ತಿದೆ.